ಯಾವ ಸಂಖ್ಯೆ ಮೊದಲು?

ಫೋನಿನ ನಕ್ಷೆಯಲ್ಲಿ ಬೆಂಗಳೂರು ಎಂದರೆ 12.97, 77.59. ಮೊದಲನೆಯದು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಎಷ್ಟು ಡಿಗ್ರಿ ಎಂಬುದು, ಎರಡನೆಯದು ಗ್ರೀನಿಚ್ ರೇಖೆಯಿಂದ ಪೂರ್ವಕ್ಕೆ ಎಷ್ಟು ಡಿಗ್ರಿ ಎಂಬುದು. ಒಂದಂಕಿಯನ್ನೂ ತಿದ್ದದೆ, ಬರೀ ಹಿಂದುಮುಂದು ಮಾಡಿ 77.59, 12.97 ಎಂದು ಹುಡುಕಿದರೆ ನಕ್ಷೆ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಶ್ಚಿಮಕ್ಕಿರುವ ಆರ್ಕ್ಟಿಕ್ ಕಡಲಿಗೆ ಜಿಗಿಯುತ್ತದೆ.

ಶಾಲೆಯ ಗ್ರಾಫ್ ಹಾಳೆಯೂ ಇಂಥದೇ ಒಪ್ಪಂದದ ಮೇಲೆ ನಿಂತಿದೆ. ಅಡ್ಡಗೆರೆ ಎಕ್ಸ್ ಅಕ್ಷ, ಲಂಬಗೆರೆ ವೈ ಅಕ್ಷ, ಎರಡೂ ಕೂಡುವ ಜಾಗ ಮೂಲಬಿಂದು. (3, 4) ಎಂದರೆ ಮೂಲಬಿಂದುವಿನಿಂದ ಬಲಕ್ಕೆ 3, ಅಲ್ಲಿಂದ ಮೇಲಕ್ಕೆ 4. ಎಡಕ್ಕೆ, ಕೆಳಕ್ಕೆ ಹೋದರೆ ಋಣಚಿಹ್ನೆ. ಮಕ್ಕಳು ಹೆಚ್ಚಾಗಿ ಎಡವುವುದು (0, 5) ಬಂದಾಗ. ಅದು ಯಾವ ಅಕ್ಷದ ಮೇಲಿದೆ? ಎಕ್ಸ್ ಬೆಲೆ ಸೊನ್ನೆ ಎಂದೊಡನೆ ಬಿಂದುವನ್ನು ಎಕ್ಸ್ ಅಕ್ಷದ ಮೇಲೆ ಇಟ್ಟುಬಿಡುತ್ತಾರೆ. ಎಕ್ಸ್ ನಿರ್ದೇಶಾಂಕ ಅಳೆಯುವುದು ವೈ ಅಕ್ಷದಿಂದ ಇರುವ ದೂರವನ್ನು. ಆ ದೂರ ಸೊನ್ನೆಯಾದರೆ ಬಿಂದು ವೈ ಅಕ್ಷದ ಮೇಲೆಯೇ ಇರಬೇಕು. ಇದೊಂದು ಮನಸ್ಸಿಗೆ ಇಳಿದರೆ ಅರ್ಧ ಪಾಠ ಮುಗಿದಂತೆ.

ಫ್ರೆಂಚ್ ಚಿಂತಕ ರೆನೆ ಡೆಕಾರ್ಟ್ ಮಲಗಿದ್ದಾಗ ಚಾವಣಿಯ ಮೇಲೆ ನೊಣ ಹರಿದಾಡುವುದನ್ನು ಕಂಡು ಇದನ್ನೆಲ್ಲ ಕಂಡುಹಿಡಿದ ಎಂಬ ಕಥೆ ತರಗತಿಗಳಲ್ಲಿ ಇಂದಿಗೂ ಓಡುತ್ತದೆ. ಅದಕ್ಕೆ ಆಧಾರವಿಲ್ಲ. ಅವನು 1637ರಲ್ಲಿ ಪ್ರಕಟಿಸಿದ ‘ಲಾ ಜಿಯೊಮೆತ್ರಿ’ಯಲ್ಲಿ ಇಂದಿನ ಗ್ರಾಫ್ ಹಾಳೆಯಂಥ ಚಿತ್ರವೂ ಇಲ್ಲ. ಅದೇ ಕಾಲದಲ್ಲಿ ಪಿಯೆರ್ ಡಿ ಫರ್ಮಾ ಸ್ವತಂತ್ರವಾಗಿ ಅದೇ ದಾರಿಯಲ್ಲಿ ನಡೆದಿದ್ದ; ಅವನ ಬರಹ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1679ರಲ್ಲಿ. ಹೆಸರು ಮಾತ್ರ ಡೆಕಾರ್ಟ್‌ನದಾಯಿತು.

ಅವರಿಬ್ಬರ ನಿಜವಾದ ಸಾಧನೆ ಗೆರೆಗಳಲ್ಲಿಲ್ಲ, ಆಕೃತಿಯನ್ನು ಸಮೀಕರಣವಾಗಿಸಿದ್ದರಲ್ಲಿದೆ. ಮೂಲಬಿಂದುವೇ ಕೇಂದ್ರವಾಗಿ 5 ಮಾನ ತ್ರಿಜ್ಯದ ವೃತ್ತವೊಂದಿದೆ ಎನ್ನಿ. ಪೈಥಾಗೊರಸ್ ಪ್ರಮೇಯದ ಪ್ರಕಾರ ಅದರ ಮೇಲಿನ ಪ್ರತಿ ಬಿಂದುವಿಗೂ ಎಕ್ಸ್ ವರ್ಗ, ವೈ ವರ್ಗ ಕೂಡಿದರೆ 25 ಬರಬೇಕು. (3, 4) ತಾಳೆಯಾಗುತ್ತದೆ, (–4, 3), (5, 0) ಕೂಡ. (4, 4)ಕ್ಕೆ 32 ಬರುತ್ತದೆ, ಹಾಗಾಗಿ ಅದು ವೃತ್ತದ ಹೊರಗೆ. ಕೈವಾರ ಮುಟ್ಟದೆ, ಚಿತ್ರವನ್ನೇ ಬರೆಯದೆ ಬಿಂದು ಒಳಗಿದೆಯೋ ಹೊರಗಿದೆಯೋ ಹೇಳಬಹುದು! ಜ್ಯಾಮಿತಿಯ ಪ್ರಶ್ನೆಗೆ ಬೀಜಗಣಿತ ಉತ್ತರಿಸತೊಡಗಿದ್ದು ಹೀಗೆ.

ಆದರೆ ಯಾವುದು ಮೊದಲು ಎಂಬ ವಿಷಯದಲ್ಲಿ ಎಲ್ಲರದೂ ಒಂದೇ ಮಾತಲ್ಲ. ಗಣಿತ ಅಡ್ಡಳತೆಯನ್ನು ಮೊದಲು ಬರೆಯುತ್ತದೆ. ಭೂಪಟದಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಉತ್ತರ-ದಕ್ಷಿಣದ ಅಳತೆಯಾದ ಅಕ್ಷಾಂಶ. ನಕ್ಷೆಯ ಮಾಹಿತಿಯನ್ನು ಸಾಗಿಸುವ ಜಿಯೋಜೇಸನ್ ಎಂಬ ಕಡತ ಮಾದರಿಯಲ್ಲಿ ರೇಖಾಂಶವೇ ಮೊದಲು. ಒಂದರಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸುವಾಗ ಊರುಗಳು ಸಮುದ್ರ ಸೇರುವುದು ತಂತ್ರಜ್ಞರಿಗೆ ಚಿರಪರಿಚಿತ ತೊಂದರೆ. ಸ್ಥಳದ ಅಂಕಿ ಖಾಲಿ ಉಳಿದು ಕಂಪ್ಯೂಟರ್ ಅಲ್ಲಿ ಸೊನ್ನೆ ತುಂಬಿದರಂತೂ ವಿಳಾಸಗಳೆಲ್ಲ (0, 0)ಗೆ, ಅಂದರೆ ಆಫ್ರಿಕದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿಗೆ ಹೋಗಿ ಬೀಳುತ್ತವೆ. ಅಲ್ಲಿ ನೆಲವೇ ಇಲ್ಲ. ಆದರೂ ನಕ್ಷೆ ತಯಾರಕರು ಅದಕ್ಕೆ ‘ನಲ್ ಐಲೆಂಡ್’ ಎಂದು ಹೆಸರಿಟ್ಟಿದ್ದಾರೆ.

ಪ್ರೋಗ್ರಾಮಿಂಗ್ ಕಲಿಯಲು ಹೊರಟವರಿಗೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ಪರದೆಯ ಮೇಲೆ ಮೂಲಬಿಂದು ಸಾಮಾನ್ಯವಾಗಿ ಎಡಬದಿಯ ಮೇಲ್ಮೂಲೆಯಲ್ಲಿರುತ್ತದೆ, ವೈ ಬೆಲೆ ಕೆಳಕ್ಕೆ ಹೋದಂತೆ ಹೆಚ್ಚುತ್ತದೆ. ಹಳೆಯ ಟಿವಿಗಳಲ್ಲಿ ಎಲೆಕ್ಟ್ರಾನ್ ಕಿರಣ ಚಿತ್ರವನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬಿಡಿಸುತ್ತಿತ್ತು. ಇದು ಆ ಕ್ರಮದ್ದೇ ಮುಂದುವರಿಕೆ. ಶಾಲೆಯ ಗ್ರಾಫನ್ನು ಇಲ್ಲಿ ಹಾಗೆಯೇ ಇಳಿಸಿದರೆ ಏರುವ ರೇಖೆ ಇಳಿಯುವಂತೆ ಕಾಣುತ್ತದೆ. ಪರಿಹಾರ ಒಂದೇ ವ್ಯವಕಲನದ್ದು: ಪರದೆಯ ಎತ್ತರ 1080 ಇದ್ದು ಬಿಂದುವಿನ ವೈ ಬೆಲೆ 100 ಆಗಿದ್ದರೆ, ಅದನ್ನು 980ರಲ್ಲಿ ಇಡಬೇಕು.