ಮೇಜಿನ ನಡುವಣ ಕೆಂಡ

ಮನೆಯ ಹೊರಗೆ ಊಟಮಾಡುವುದು ಮನೆತನಕ್ಕೆ ಕುಂದೆಂದು ಭಾವಿಸುತ್ತಿದ್ದ ಕಾಲವು ಕಳೆದುಹೋಯಿತು. ಈಗ ಪಟ್ಟಣವಾಸಿಗಳಾದ ಗೃಹಸ್ಥರು ಹುಟ್ಟುಹಬ್ಬಕ್ಕೋ, ಮಕ್ಕಳು ಪರೀಕ್ಷೆಯಲ್ಲಿ ತೇರ್ಗಡೆಯಾದ ಸಂತೋಷಕ್ಕೋ, ದೂರದಿಂದ ಬಂದ ನಂಟರ ಸತ್ಕಾರಕ್ಕೋ ಕುಟುಂಬಸಮೇತರಾಗಿ ಭೋಜನಗೃಹಗಳಿಗೆ ಹೋಗುವುದು ವಾಡಿಕೆಯಾಗಿದೆ. ಈ ಭೋಜನಗೃಹಗಳಲ್ಲಿ ಬೆಂಗಳೂರು ಮೊದಲಾದ ನಗರಗಳ ಜನರ ಮನಸ್ಸನ್ನು ವಿಶೇಷವಾಗಿ ಸೆಳೆದಿರುವುದು ‘ಬಾರ್ಬೆಕ್ಯೂ’ ಎಂಬ ಬಗೆಯದು. ಅದರ ಕ್ರಮವೇನು, ಅದರಲ್ಲಿ ಮೆಚ್ಚತಕ್ಕದ್ದೇನು, ಎಚ್ಚರದಿಂದ ನಡೆಯತಕ್ಕದ್ದೆಲ್ಲಿ ಎಂಬುದನ್ನು ನಮ್ಮ ವಾಚಕರೊಡನೆ ಕೊಂಚ ವಿಚಾರಮಾಡಬೇಕೆಂದು ಬಯಸುತ್ತೇವೆ.

ಇಲ್ಲಿ ಊಟದ ಮೇಜಿನ ನಟ್ಟನಡುವೆ ಒಂದು ಗುಂಡಿಯಿದ್ದು, ಅದರೊಳಗೆ ಕೆಂಡ ತುಂಬಿದ ಕಬ್ಬಿಣದ ಪೆಟ್ಟಿಗೆಯನ್ನು ಇಳಿಸಿರುತ್ತಾರೆ. ಅದರ ಮೇಲೆ ಸಲಾಕೆಗಳನ್ನು ಸಾಲಾಗಿ ಒರಗಿಸುವರು. ಒಂದು ಸಲಾಕೆಯಲ್ಲಿ ಪನೀರು, ಒಂದರಲ್ಲಿ ಅಣಬೆ, ಒಂದರಲ್ಲಿ ಅನಾನಸಿನ ಹೋಳು, ಬೇರೆಯವುಗಳಲ್ಲಿ ಕೋಳಿ, ಮೀನು, ಸೀಗಡಿ. ಪಕ್ಕದಲ್ಲಿ ಎಣ್ಣೆ ಸವರಲು ಒಂದು ಕುಂಚ, ಬಗೆಬಗೆಯ ಗೊಜ್ಜುಗಳ ಬಟ್ಟಲು. ಉಣ್ಣುವವರೇ ಸಲಾಕೆಯನ್ನು ಹೊರಳಿಸಿ, ಬೇಕಾದಷ್ಟು ಬಿಸಿಮಾಡಿಕೊಂಡು ತಿನ್ನುವರು. ತಲೆಗಿಷ್ಟೆಂದು ಬೆಲೆ ಕಟ್ಟಿರುವುದರಿಂದ, ಬೇಡವೆನ್ನುವವರೆಗೆ ಸಲಾಕೆಗಳು ಬರುತ್ತಲೇ ಇರುತ್ತವೆ. ಇದಾದ ಮೇಲೆ ಅನ್ನ, ರೊಟ್ಟಿ, ಪಲ್ಯ, ಸಿಹಿತಿಂಡಿಗಳನ್ನು ತಾವೇ ಹೋಗಿ ಬಡಿಸಿಕೊಳ್ಳತಕ್ಕದ್ದು. ಬಾರ್ಬೆಕ್ಯೂ ನೇಷನ್ ಎಂಬ ಸಂಸ್ಥೆಯು 2006ರಲ್ಲಿ ಮುಂಬಯಿಯಲ್ಲಿ ತನ್ನ ಮೊದಲ ಭೋಜನಗೃಹವನ್ನು ತೆರೆದು, ಮೇಜಿನಲ್ಲಿಯೇ ಕೆಂಡವಿರಿಸುವ ಈ ಕ್ರಮವನ್ನು ದೇಶದ ಅನೇಕ ಪಟ್ಟಣಗಳಿಗೆ ಒಯ್ದಿತು. ಅಲ್ಲಿ ಮೇಜಿನ ಮೇಲೊಂದು ಪುಟ್ಟ ಬಾವುಟವಿರುತ್ತದೆ. ಅದು ನಿಂತಿರುವವರೆಗೆ ಬಡಿಸುವವರು ತರುತ್ತಾರೆ. ಅದನ್ನು ಮಲಗಿಸಿದರೆ ಸಾಕೆಂದು ಅರ್ಥ.

ಹೆಸರು ಪರದೇಶದ್ದಾದ ಮಾತ್ರಕ್ಕೆ ಇದು ನಮಗೆ ತೀರ ಹೊಸದೆಂದು ತಿಳಿಯಬೇಕಾಗಿಲ್ಲ. ಕೆರಿಬಿಯನ್ ದ್ವೀಪಗಳ ತಾಯಿನೊ ಜನರು ಬೆಂಕಿಯ ಮೇಲೆ ಮರದ ಅಟ್ಟಣೆ ಕಟ್ಟಿ ಮಾಂಸವನ್ನು ಬೇಯಿಸುತ್ತಿದ್ದರು. ಅವರ ಮಾತೇ ಸ್ಪ್ಯಾನಿಷರ ಬಾಯಿಯಲ್ಲಿ ‘ಬಾರ್ಬಕೋವ’ ಎಂದಾಗಿ, ಅಲ್ಲಿಂದ ಇಂಗ್ಲಿಷಿಗೆ ಬಂದಿತೆಂದು ಹೇಳುವರು. ಆದರೆ ಸುಟ್ಟು ತಿನ್ನುವ ರುಚಿಯು ನಮ್ಮ ನಾಡಿನಲ್ಲಿಯೂ ಹಳೆಯದು. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗದ ಭಾಗದಲ್ಲಿ, ಮಾಂಸದ ತುಂಡುಗಳನ್ನು ಸಲಾಕೆಗೆ ಸಿಕ್ಕಿಸಿ ಕೆಂಡದ ಮೇಲೆ ಸುಡುವ ಪಾಕವು ವರ್ಣಿತವಾಗಿದೆ. ಅರಮನೆಯ ಮಾತು ಹಾಗಿರಲಿ. ಉತ್ತರ ಕರ್ನಾಟಕದ ಹೊಲಗಳಲ್ಲಿ ಚಳಿಗಾಲದಲ್ಲಿ ನಡೆಯುವ ಸೀತನಿಯ ಊಟವನ್ನು ಬಲ್ಲವರಿಗೆ ಬೇರೆ ಹೇಳಬೇಕೆ? ಹಾಲುಗಾಳಿನ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ ಕಾಳು ಬಿಡಿಸಿ, ಬೆಲ್ಲದೊಡನೆಯೋ ಶೇಂಗಾ ಚಟ್ನಿಯೊಡನೆಯೋ ಬಿಸಿಬಿಸಿಯಾಗಿ ತಿನ್ನುವ ಸುಖಕ್ಕೆ ಸಾಟಿಯಿಲ್ಲ. ಹಳೆಯ ಮೈಸೂರಿನ ಮನೆಗಳಲ್ಲಿ ಕೆಂಡದಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಮಾಡದಿದ್ದವರಾರು? ಬೆಂಕಿಯ ಸುತ್ತ ಕುಳಿತು ಒಟ್ಟಿಗೆ ತಿನ್ನುವುದೇ ಈ ಎಲ್ಲದರ ಜೀವಾಳ.

ಸುಟ್ಟ ಪದಾರ್ಥಕ್ಕೆ ಬೇಯಿಸಿದುದಕ್ಕಿಲ್ಲದ ರುಚಿ ಹೇಗೆ ಬರುತ್ತದೆಂಬುದನ್ನು ರಸಾಯನಶಾಸ್ತ್ರವು ತಿಳಿಸುತ್ತದೆ. ನೀರಿನಲ್ಲಿ ಬೆಂದುದು ಸಾಧಾರಣವಾಗಿ 100 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ಕಾಯುವುದಿಲ್ಲ. ಕೆಂಡದ ಮೇಲಾದರೋ ಮೇಲ್ಮೈ ಒಣಗಿ, ಶಾಖವು ಸುಮಾರು 140 ಡಿಗ್ರಿಯನ್ನು ಮೀರಲು, ಪದಾರ್ಥದಲ್ಲಿನ ಸಕ್ಕರೆಯೂ ಅಮೈನೋ ಆಮ್ಲಗಳೂ ಬೇಗಬೇಗನೆ ಕೂಡಿ ಕಂದುಬಣ್ಣವನ್ನೂ ನೂರಾರು ಬಗೆಯ ಪರಿಮಳಗಳನ್ನೂ ಹುಟ್ಟಿಸುತ್ತವೆ. ಫ್ರಾನ್ಸಿನ ವಿಜ್ಞಾನಿ ಮೈಯಾರ್ ಎಂಬವನು 1912ರಲ್ಲಿ ಇದನ್ನು ವಿವರಿಸಿದನು. ಆದರೆ ಕಂದಾಗುವುದು ಬೇರೆ, ಕರಿಕಾಗುವುದು ಬೇರೆ. ಮಾಂಸವು ಕರಿಕಾದಾಗ ಆರೋಗ್ಯಕ್ಕೆ ಅಹಿತವಾದ ವಸ್ತುಗಳು ಉಂಟಾಗುತ್ತವೆ. ಅಂತಹ ಭಾಗವನ್ನು ಕೆರೆದು ಬಿಡುವುದೇ ಲೇಸು. ಸಲಾಕೆಯನ್ನು ಆಗಾಗ ಹೊರಳಿಸುತ್ತಿದ್ದರೆ ಕರಿಕಾಗುವುದೂ ಕಡಿಮೆ.

ಇಲ್ಲಿಯೇ ಮತ್ತೊಂದು ಎಚ್ಚರಿಕೆಯ ಮಾತು. ಭೋಜನಗೃಹದಲ್ಲಿ ಕಂಡುದನ್ನು ಮನೆಯಲ್ಲಿ ಮಾಡಿನೋಡುವ ಉತ್ಸಾಹವು ಸಹಜವಾದದ್ದು. ಆದರೆ ಇದ್ದಲಿನ ಒಲೆಯನ್ನು ಮುಚ್ಚಿದ ಕೊಠಡಿಯಲ್ಲಿ ಎಂದಿಗೂ ಹೊತ್ತಿಸಕೂಡದು. ಉರಿಯುವ ಇದ್ದಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಮಲಗಿದಲ್ಲಿಯೇ ಕೊಲ್ಲುತ್ತದೆ. ಅಂಗಳದಲ್ಲಿಯೋ ಮಾಳಿಗೆಯ ಬಯಲಿನಲ್ಲಿಯೋ ಮಾಡುವುದಾದರೆ ಮಾತ್ರ ಮಾಡಬಹುದು.

ಇನ್ನು ಹಣದ ವಿಚಾರ. ತಲೆಗಿಷ್ಟೆಂದು ಕೊಟ್ಟ ಮೇಲೆ, ಕೊಟ್ಟುದಕ್ಕೆ ಸರಿಯಾಗಿ ತಿನ್ನದಿದ್ದರೆ ನಷ್ಟವೆಂಬ ಎಣಿಕೆಯು ಒಳ್ಳೆಯ ಗೃಹಸ್ಥರನ್ನೂ ಹಿಡಿದುಬಿಡುತ್ತದೆ. ತಂದೆಯು ಮಗನಿಗೆ ‘ಇನ್ನೆರಡು ತಿನ್ನೋ’ ಎಂದು ಒತ್ತಾಯಿಸುವುದನ್ನೂ, ಆ ಮಗುವು ಕಷ್ಟಪಟ್ಟು ನುಂಗುವುದನ್ನೂ ನಾವು ಕಂಡಿದ್ದೇವೆ. ಇದು ತಪ್ಪು ಲೆಕ್ಕ. ಹೆಚ್ಚು ತಿನ್ನುವವರನ್ನೂ ಕಡಿಮೆ ತಿನ್ನುವವರನ್ನೂ ಸೇರಿಸಿಯೇ ಅಂಗಡಿಯವರು ಬೆಲೆ ಕಟ್ಟಿರುತ್ತಾರೆ. ಅವರನ್ನು ಹೊಟ್ಟೆಯಿಂದ ಗೆಲ್ಲಲು ಹೊರಟವನು ಸೋಲುವುದು ತನ್ನ ಹೊಟ್ಟೆಗೇ. ಬಿಲ್ಲನ್ನು ಓದಿನೋಡುವುದು ಇದಕ್ಕಿಂತ ಜಾಣತನ. ಸೇವಾಶುಲ್ಕವನ್ನು ಗ್ರಾಹಕರ ಮೇಲೆ ಕಡ್ಡಾಯವಾಗಿ ಹೇರಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿಯ ಉಚ್ಚ ನ್ಯಾಯಾಲಯವು 2025ರ ಮಾರ್ಚಿಯಲ್ಲಿ ಅದನ್ನು ಎತ್ತಿಹಿಡಿಯಿತು.

ತಟ್ಟೆಯಲ್ಲಿ ಉಳಿದು ಚೆಲ್ಲುವ ಅನ್ನದ ಲೆಕ್ಕವು ಇನ್ನೂ ದೊಡ್ಡದು. ವಿಶ್ವಸಂಸ್ಥೆಯ ಪರಿಸರ ವಿಭಾಗವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ನೆಯ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು 105 ಕೋಟಿ ಟನ್ ಆಹಾರವು ವ್ಯರ್ಥವಾಯಿತು. ಅದರಲ್ಲಿ ಭೋಜನಗೃಹಗಳ ಮೊದಲಾದವುಗಳ ಪಾಲು ನೂರಕ್ಕೆ 28. ನೂರಕ್ಕೆ 60ರಷ್ಟು ನಮ್ಮ ನಿಮ್ಮಂಥವರ ಮನೆಗಳದ್ದೇ! ಎಷ್ಟು ಕೊಟ್ಟರೂ ಸಾಕೆನ್ನದ ಮನುಷ್ಯನು ಅನ್ನದಾನದಲ್ಲಿ ಮಾತ್ರ ಸಾಕೆನ್ನುವನೆಂದು ಹಿರಿಯರು ಹೇಳುತ್ತಾರೆ. ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡಹಿಡಿಯುವ ಆ ಮರ್ಯಾದೆಯೇ ಇಲ್ಲಿ ಪುಟ್ಟ ಬಾವುಟದ ರೂಪದಲ್ಲಿ ನಿಂತಿದೆ. ಅದನ್ನು ಸಕಾಲದಲ್ಲಿ ಮಲಗಿಸುವುದನ್ನು ಮಕ್ಕಳಿಗೆ ಕಲಿಸಿದರೆ, ಊಟದ ಬೆಲೆಯು ಅದರಲ್ಲಿಯೇ ತೀರಿತು.

ಒಂದೇ ಮನೆಯಲ್ಲಿ ಮಾಂಸ ತಿನ್ನುವವರೂ ತಿನ್ನದವರೂ ಇರುವುದುಂಟು. ಅಂತಹವರು ಮೇಜನ್ನು ಗೊತ್ತುಮಾಡುವಾಗಲೇ ಸಂಗತಿಯನ್ನು ತಿಳಿಸಿ, ಸಸ್ಯಾಹಾರಿಗಳಿಗೆ ಬೇರೆ ಒಲೆಯನ್ನೂ ಬೇರೆ ಕುಂಚವನ್ನೂ ಕೇಳತಕ್ಕದ್ದು. ‘ಒಂದು ದಿನಕ್ಕೆ ಏನಾಗುತ್ತದೆ?’ ಎಂದು ವೃದ್ಧರಾದ ತಾಯಿಯನ್ನು ಒಪ್ಪಿಸಿ ಕೂರಿಸಿ, ಆಕೆ ಮೊಸರನ್ನವಷ್ಟನ್ನೇ ಉಂಡು ಏಳುವಂತೆ ಮಾಡುವುದು ಸತ್ಕಾರವಲ್ಲ. ಬೇರೆ ಒಲೆಯ ಏರ್ಪಾಡಿಲ್ಲದಿದ್ದರೆ ಬೇರೆ ಭೋಜನಗೃಹವನ್ನು ಹುಡುಕುವುದೇ ಯೋಗ್ಯ.

ಕೊನೆಯದಾಗಿ, ನಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಎಷ್ಟೋ ಮನೆಗಳಲ್ಲಿ ಗೃಹಿಣಿಯು ಎಲ್ಲರಿಗೂ ಬಡಿಸಿ, ಆರಿದ ಸಾರಿನಲ್ಲಿ ಕಟ್ಟಕಡೆಗೆ ಉಣ್ಣುವಳು. ಹೊರಗಿನ ಊಟದ ನಿಜವಾದ ಲಾಭವೆಂದರೆ ಆಕೆಯೂ ಎಲ್ಲರೊಡನೆ ಕುಳಿತು ಬಿಸಿಯಾದುದನ್ನು ಉಣ್ಣುವುದು. ಆದರೆ ಈ ಕೆಂಡದ ಮೇಜಿನಲ್ಲಿಯೂ ಸಲಾಕೆ ಹೊರಳಿಸುವ, ಎಣ್ಣೆ ಸವರುವ, ಮಗುವಿನ ತಟ್ಟೆಗೆ ಬಿಡಿಸಿಹಾಕುವ ಕೆಲಸವು ತಿಳಿಯದಂತೆಯೇ ಆಕೆಯ ಕೈಗೆ ಬರುವುದನ್ನು ನಾವು ಗಮನಿಸಿದ್ದೇವೆ. ಅಡಿಗೆಮನೆಯನ್ನು ಬಿಟ್ಟು ಬಂದವಳ ಮುಂದೆ ಮತ್ತೊಂದು ಒಲೆಯನ್ನಿಟ್ಟಂತಾಯಿತಲ್ಲವೆ? ಆದಕಾರಣ, ಗಂಡಸರೇ, ಆ ಹೊತ್ತಿಗಾದರೂ ಕುಂಚವನ್ನು ನೀವು ಹಿಡಿಯಿರಿ. ದೊಡ್ಡ ಮಕ್ಕಳು ಸಲಾಕೆ ಹೊರಳಿಸಲಿ. ಮೊದಲು ಬೆಂದ ತುಂಡು ಮನೆಯೊಡತಿಯ ತಟ್ಟೆಗೆ ಬೀಳಲಿ.

ಇಷ್ಟು ವಿವೇಕವಿದ್ದರೆ, ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ ಇಂತಹ ಊಟಕ್ಕೆ ಹೋಗುವುದನ್ನು ಯಾರೂ ದುಂದೆನ್ನಲಾರರು. ಸಲಾಕೆಯಲ್ಲಿರುವುದು ಕಾಯುವವರೆಗೆ ಯಾರೂ ಅವಸರಪಡುವಂತಿಲ್ಲ. ಆ ಬಿಡುವಿನಲ್ಲಿ ನಾಲ್ಕು ಮಾತು ತಾವಾಗಿ ಹುಟ್ಟುತ್ತವೆ. ಬೇರೆಬೇರೆ ವೇಳೆಗೆ ಉಂಡೇಳುವ ಇಂದಿನ ಸಂಸಾರಗಳಿಗೆ ಆ ನಾಲ್ಕು ಮಾತಿನ ಹಸಿವು ಅನ್ನದ ಹಸಿವಿಗಿಂತ ಕಡಿಮೆಯದೇನಲ್ಲ.