ಸ್ತ್ರೀಗುರುಪೀಠ ವಿಚಾರ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಕೆಂಗೇರಿಯ ಹಳೆಯ ಊರನ್ನೂ ಅದರ ಉಪನಗರವನ್ನೂ ದಾಟಿದ ಬಳಿಕ ಕುಂಬಳಗೋಡು ಸಿಕ್ಕುವುದು. ಅಲ್ಲಿ ಬಸವಗಂಗೋತ್ರಿಯೆಂಬ ಆಶ್ರಮವುಂಟು. ರಾಜಾಜಿನಗರದ ವಿಶ್ವಕಲ್ಯಾಣ ಮಿಷನ್, ಧಾರವಾಡದ ಜಗನ್ಮಾತಾ ಅಕ್ಕಮಹಾದೇವಿ ಆಶ್ರಮ, ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮದಲ್ಲಿನ ಬಸವಧರ್ಮಪೀಠ, ಇವೂ ಅದೇ ಬಳ್ಳಿಯ ಕುಡಿಗಳು. ಇವನ್ನು ಬೆಳೆಯಿಸಿದವರು ಲಿಂಗಾನಂದ ಸ್ವಾಮಿಗಳು ಮತ್ತು ಅವರ ಶಿಷ್ಯೆಯಾದ ಮಾತೆ ಮಹಾದೇವಿಯವರು (1946-2019). ಗುರುವಿನಿಂದ 1966ರಲ್ಲಿ ಜಂಗಮದೀಕ್ಷೆಯನ್ನು ಪಡೆದ ಮಾತೆ ಮಹಾದೇವಿಯವರು 1970ರಲ್ಲಿ ಜಗದ್ಗುರುಪೀಠವನ್ನೇರಿದರು. ಲಿಂಗಾಯತ ಪರಂಪರೆಯಲ್ಲಿ ಸ್ತ್ರೀಯೊಬ್ಬರು ಈ ಪದವಿಗೆ ಬಂದುದು ಅದೇ ಮೊದಲು. ಈ ಸಂಗತಿಯನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುವುವು. ಪುರಾತನಕಾಲದಲ್ಲಿದ್ದ ಮಾತೃಶಾಸನವೇ ಮರಳಿ ಬಂದಿತೆಂದು ಕೆಲವರು ಹಿಗ್ಗುವರು. ಸ್ತ್ರೀಗೆ ಗುರುತ್ವವೇ ಅಶಾಸ್ತ್ರೀಯವೆಂದು ಬೇರೆ ಕೆಲವರು ಮುನಿಯುವರು. ಈ ಎರಡು ಮಾತುಗಳಿಗೂ ಆಧಾರ ಸಾಲದೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ಮಾತಿನ ಬೇರು ಯೂರೋಪಿನಲ್ಲಿದೆ. 1861ರಲ್ಲಿ ಬಾಖೋಫನ್ ಎಂಬ ಸ್ವಿಸ್ ಪಂಡಿತನು ಮಾನವಕುಲದ ಆದಿಯಲ್ಲಿ ತಾಯಂದಿರ ಆಳಿಕೆಯಿದ್ದಿತೆಂದು ದೊಡ್ಡ ಗ್ರಂಥವೊಂದನ್ನು ಬರೆದನು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕ್ರೈಸ್ತಮತಕ್ಕೆ ಮುಂಚಿನ ದೇವತೋಪಾಸನೆಯನ್ನು ಮತ್ತೆ ಎಬ್ಬಿಸಹೊರಟ ಸಣ್ಣ ಪಂಗಡಗಳು ಈ ಊಹೆಯನ್ನೇ ನಂಬಿಕೆಯಾಗಿ ಹಿಡಿದುವು. 1971ರಲ್ಲಿ ಲಾಸ್ ಏಂಜಲಿಸಿನಲ್ಲಿ ಜುಜಾನಾ ಬುಡಾಪೆಸ್ಟ್ ಎಂಬಾಕೆ ಸ್ಥಾಪಿಸಿದ, ಸ್ತ್ರೀಯರಿಗೆ ಮಾತ್ರ ಪ್ರವೇಶವಿದ್ದ ದೇವೀಮಂಡಲಿ ಇಂತಹವುಗಳಲ್ಲಿ ಒಂದು. ದೇವತೆ ಸ್ತ್ರೀಯಾದಲ್ಲಿ ವಂಶವೂ ತಾಯಿಯದಾಗಿತ್ತು, ವಂಶ ತಾಯಿಯದಾದಲ್ಲಿ ಅಧಿಕಾರವೂ ತಾಯಿಯದಾಗಿತ್ತು ಎಂಬುದು ಇವರ ಸರಣಿ. ದೇವೀಪೂಜೆ, ಮಾತೃವಂಶ, ಸ್ತ್ರೀಶಾಸನ ಎಂಬ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ ಸರಣಿಯಿದು. ಕನ್ನಡನಾಡಿನ ಸಾಕ್ಷ್ಯವನ್ನು ಪರೀಕ್ಷಿಸಿದರೆ ಈ ದಾರ ನಿಲ್ಲುವುದಿಲ್ಲ.

ಸವದತ್ತಿಯ ಎಲ್ಲಮ್ಮನನ್ನು ನೋಡಬಹುದು. ದೇವತೆ ಸ್ತ್ರೀ, ಜೋಗತಿಯರು ಅವಳ ಪಡ್ಡಲಗಿಯನ್ನು ಹೊತ್ತು ಊರೂರು ತಿರುಗುವ ಸೇವಕಿಯರು. ಆದರೂ ಕ್ಷೇತ್ರದ ಆಡಳಿತವು ಆ ಜೋಗತಿಯರ ಕೈಗೆ ಬಂದುದಿಲ್ಲ. ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ತಡೆಯುವುದಕ್ಕೆ 1982ರಲ್ಲಿ ಕರ್ನಾಟಕವು ಶಾಸನವನ್ನೇ ಮಾಡಬೇಕಾಯಿತು. ತುಳುನಾಡಿನ ಅಳಿಯಸಂತಾನದಲ್ಲಿ ಮನೆತನವು ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಹಿರಿಯ ಹೆಂಗಸು ಯಜಮಾನಿಯಾಗುವುದೂ ಉಂಟು. ಹೀಗಿದ್ದರೂ ದೈವದ ಪಾತ್ರಿಯಾಗಿ ನುಡಿಗೊಡುವವನು ಸಾಮಾನ್ಯವಾಗಿ ಗಂಡಸು. ಮಾತೃವಂಶವಿದ್ದಲ್ಲಿಯೂ ಧರ್ಮದ ಆಳಿಕೆ ಸ್ತ್ರೀಯರದಾಗಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಇನ್ನು ಸಂಸ್ಕೃತ ವಾಙ್ಮಯದ ಸ್ತ್ರೀರಾಜ್ಯವನ್ನು ಸಾಕ್ಷ್ಯವಾಗಿ ತರುವುದುಂಟು. ವಾತ್ಸ್ಯಾಯನನ ಕಾಮಸೂತ್ರದಲ್ಲಿ ಅದರ ಹೆಸರಿದೆ. ವರಾಹಮಿಹಿರನು ಬೃಹತ್ಸಂಹಿತೆಯ ಕೂರ್ಮವಿಭಾಗದಲ್ಲಿ ಅದನ್ನು ವಾಯವ್ಯದಿಕ್ಕಿನ ದೇಶಗಳೊಡನೆ ಎಣಿಸುವನು. ಕಲ್ಹಣನು ಕಾಶ್ಮೀರದ ಲಲಿತಾದಿತ್ಯನ ದಿಗ್ವಿಜಯದಲ್ಲಿ ಅದನ್ನು ಸೇರಿಸಿ, ಅಲ್ಲಿನ ಸ್ತ್ರೀಯರನ್ನು ಕಂಡು ಸೈನಿಕರ ಧೈರ್ಯ ಕುಗ್ಗಿದುದನ್ನು ಸರಸವಾಗಿ ವರ್ಣಿಸುವನು. ಮಹಾಭಾರತದ ಶಾಂತಿಪರ್ವದಲ್ಲಿ ಕಳಿಂಗದ ಸ್ವಯಂವರಕ್ಕೆ ಬಂದ ಅರಸರ ನಡುವೆ ಸ್ತ್ರೀರಾಜ್ಯದ ಅಧಿಪತಿಯೂ ಒಬ್ಬನು. ಆ ಪದವು ಪುಲ್ಲಿಂಗದಲ್ಲಿದೆ. ಕನ್ಯೆಯನ್ನು ವರಿಸಲು ಬಂದವನು ಹೆಂಗಸಾಗಿರುವುದಂತೂ ಸಂಭವಿಸದು! ಹೀಗೆ ಸ್ತ್ರೀರಾಜ್ಯಕ್ಕೂ ಒಬ್ಬ ಅರಸನನ್ನು ಕಲ್ಪಿಸಿದ ಪರಂಪರೆಯಿಂದ ಮಾತೃಶಾಸನವನ್ನು ಸಾಧಿಸುವುದು ದುಸ್ಸಾಧ್ಯ. ಕನ್ನಡಿಗರಿಗೆ ಸುಪರಿಚಿತವಾದುದು ಲಕ್ಷ್ಮೀಶನ ಜೈಮಿನಿಭಾರತದಲ್ಲಿ ಬರುವ ಪ್ರಮೀಳೆಯ ರಾಜ್ಯ. ಯಜ್ಞಾಶ್ವವನ್ನು ಕಟ್ಟಿ ಅರ್ಜುನನನ್ನು ಎದುರಿಸಿದ ಆ ರಾಣಿಯ ಕಥೆಯೂ ಅರ್ಜುನನನ್ನೇ ಪತಿಯೆಂದು ಒಪ್ಪುವುದರಲ್ಲಿ ಮುಗಿಯುವುದು. ನಾಥಪಂಥದ ಕಥೆಗಳಲ್ಲಿಯೂ ಹಾಗೆಯೇ. ಸ್ತ್ರೀಯರ ದೇಶದಲ್ಲಿ ಮೈಮರೆತ ಮತ್ಸ್ಯೇಂದ್ರನನ್ನು ಶಿಷ್ಯನಾದ ಗೋರಕ್ಷನು ಬಂದು ಬಿಡಿಸುವನು. ಆ ದೇಶಕ್ಕೆ ಕದಳೀರಾಜ್ಯವೆಂಬ ಹೆಸರೂ ಉಂಟು; ಶ್ರೀಶೈಲದಲ್ಲಿ ಅಕ್ಕಮಹಾದೇವಿ ಐಕ್ಯಳಾದ ಕದಳಿಯೊಡನೆ ಅದನ್ನು ಬೆರಸಬಾರದು. ಒಂದು ಮೋಹದ ಎಡೆ, ಇನ್ನೊಂದು ಮೋಹವಳಿದ ಎಡೆ. ಒಟ್ಟಿನಲ್ಲಿ ಕವಿಗಳ ಸ್ತ್ರೀರಾಜ್ಯವೆಂಬುದು ಗೆಲ್ಲಲ್ಪಡುವುದಕ್ಕಾಗಿಯೋ ತೊರೆಯಲ್ಪಡುವುದಕ್ಕಾಗಿಯೋ ನಿರ್ಮಿತವಾದ ದೇಶ. ಗ್ರಂಥದಿಂದ ಗ್ರಂಥಕ್ಕೆ ಅದರ ದಿಕ್ಕು ಬದಲಾಗುವುದಕ್ಕೂ ಇದೇ ಕಾರಣವಾಗಿರಬೇಕು.

ಎರಡನೆಯ ಆಕ್ಷೇಪಕ್ಕೆ ಸಮಾಧಾನವನ್ನು ಹೇಳುವುದು ಇಷ್ಟು ಕಷ್ಟವಲ್ಲ. ಗಾರ್ಗಿಯು ಯಾಜ್ಞವಲ್ಕ್ಯನನ್ನು ಸಭೆಯಲ್ಲಿ ಪ್ರಶ್ನಿಸಿದುದು ಬೃಹದಾರಣ್ಯಕದಲ್ಲಿಯೇ ಇದೆ. ಬ್ರಹ್ಮವಾದಿನಿಯರು, ಸದ್ಯೋವಧುಗಳು ಎಂದು ಸ್ತ್ರೀಯರಲ್ಲಿ ಎರಡು ಬಗೆಯೆಂದೂ, ಮೊದಲಿನವರಿಗೆ ಉಪನಯನ ವೇದಾಧ್ಯಯನಗಳುಂಟೆಂದೂ ಹಾರೀತನ ಹೆಸರಿನ ವಚನವನ್ನು ಧರ್ಮನಿಬಂಧಕಾರರು ಉದಾಹರಿಸುವರು. ಅದು ಹಿಂದಿನ ಕಲ್ಪದ ಮಾತೆಂದು ಅವರೇ ಬದಿಗಿರಿಸುವುದು ಬೇರೆ ವಿಷಯ. ಸ್ತ್ರೀಯಿಂದ ಪಡೆದ ದೀಕ್ಷೆ ಶುಭವೆಂದೂ, ತಾಯಿಯಿಂದ ಪಡೆದುದು ಅದಕ್ಕಿಂತ ಮಿಗಿಲೆಂದೂ ತಂತ್ರನಿಬಂಧಗಳು ಹೇಳುವುವು. ಆದುದರಿಂದ ಜ್ಞಾನಾಧಿಕಾರವೂ ದೀಕ್ಷಾಧಿಕಾರವೂ ಸ್ತ್ರೀಗೆ ಎಲ್ಲೆಡೆಯೂ ನಿಷಿದ್ಧವಾಗಿದ್ದಿತೆಂಬುದು ಸರಿಯಲ್ಲ. ಇಲ್ಲದಿದ್ದುದು ಪೀಠಾಧಿಕಾರ: ಪಟ್ಟಕ್ಕೆ ಬಂದು, ಮಠವನ್ನಾಳಿ, ಮುಂದಿನವರಿಗೆ ಪಟ್ಟವನ್ನು ಕೊಡುವ ಅಧಿಕಾರ. ಜ್ಞಾನವು ವ್ಯಕ್ತಿಯೊಡನೆ ಮುಗಿಯುವುದು, ಪೀಠವು ಮುಂದುವರಿಯುವುದು. ಸ್ತ್ರೀಯ ವಿಷಯದಲ್ಲಿ ಸಮಾಜವು ಮೊದಲಿನದನ್ನು ಸಹಿಸಿ ಎರಡನೆಯದನ್ನು ತಡೆಯಿತು.

ಈ ಭೇದಕ್ಕೆ ಅತ್ಯಂತ ಸ್ಪಷ್ಟವಾದ ನಿದರ್ಶನವು ಶರಣರ ಚರಿತ್ರೆಯಲ್ಲಿಯೇ ದೊರೆಯುವುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮೂವತ್ತಕ್ಕೂ ಹೆಚ್ಚು ಸ್ತ್ರೀಯರು ವಚನಗಳನ್ನು ರಚಿಸಿದರು. ಹಿರಿಯರಾದ ಶರಣರೂ ಉಡುತಡಿಯ ಮಹಾದೇವಿಯನ್ನು ಅಕ್ಕನೆಂದು ಕರೆದರು. ಆದ್ಯರ ವಚನಗಳಿಂದ ತೊಡಗಿ ಎಣಿಕೆಯನ್ನು ಇಳಿಸುತ್ತ ಬಂದು, ಅವೆಲ್ಲಕ್ಕೂ ಅಕ್ಕನದೊಂದೇ ಸಾಟಿಯೆಂದು ಚೆನ್ನಬಸವಣ್ಣನು ನುಡಿದುದು ಪ್ರಸಿದ್ಧ. ಹದಿನೈದನೆಯ ಶತಮಾನದಲ್ಲಿ ಮೊದಲು ಸಂಕಲಿತವಾದ ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಅಕ್ಕನನ್ನು ಕಠಿನವಾಗಿ ಪರೀಕ್ಷಿಸುವನು. ಆಕೆ ಉತ್ತರಗಳಲ್ಲಿ ಎಲ್ಲಿಯೂ ಸೋಲುವುದಿಲ್ಲ. ಆದರೆ ಪರೀಕ್ಷೆ ಮುಗಿದ ಬಳಿಕ ಆಕೆ ಶ್ರೀಶೈಲದ ದಾರಿಯನ್ನು ಹಿಡಿಯುವಳು. ಶೂನ್ಯಸಿಂಹಾಸನವನ್ನೇರುವವನು ಅಲ್ಲಮನು. ಅಕ್ಕನಿಗೆ ಸಿಂಹಾಸನದ ಬಯಕೆಯಿರಲಿಲ್ಲವೆಂಬುದು ನಿಜ, ಅಲ್ಲಮನಿಗೂ ಇರಲಿಲ್ಲ. ಶಿಷ್ಯಪರಂಪರೆಯು ಬೆಳೆದು ವಿರಕ್ತಮಠಗಳು ಏರ್ಪಟ್ಟಾಗಲೂ, ಬಾಳೆಹೊನ್ನೂರು, ಉಜ್ಜಯಿನಿ, ಕೇದಾರ, ಶ್ರೀಶೈಲ, ಕಾಶಿಗಳ ಪಂಚಪೀಠಗಳಲ್ಲಿಯೂ, ಪಟ್ಟವು ಪುರುಷರಿಗೇ ಸಂದಿತು.

1970ರ ಘಟನೆಯ ನಿಜವಾದ ಹೊಸತನ ಇಲ್ಲಿದೆ. ಅಕ್ಕನಿಗೆ ದೊರೆಯದ ಪೀಠವು ಅಕ್ಕನ ಹೆಸರಿನಲ್ಲಿಯೇ ಹುಟ್ಟಿತು. ಇದು ಮಾತೃದೇವತೆಯ ಆರಾಧನೆಯಿಂದ ಬಂದುದಲ್ಲ, ಇಷ್ಟಲಿಂಗವು ದೇವಿಯ ಕುರುಹಲ್ಲವಷ್ಟೆ. ಮಾತೃವಂಶದಿಂದ ಬಂದುದೂ ಅಲ್ಲ. ಪಟ್ಟವನ್ನು ಕೊಟ್ಟ ಗುರುವು ಪುರುಷನೇ. ಕಳೆದುಹೋದ ಯಾವುದೋ ಸ್ತ್ರೀಯುಗದ ನೆನಪನ್ನು ಬೇಡದೆ, ಲಿಂಗಾಂಗಿಗಳಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲವೆಂಬ ಶರಣಸಿದ್ಧಾಂತವನ್ನು ಪಟ್ಟದ ವಿಷಯಕ್ಕೂ ಅನ್ವಯಿಸಿದುದೇ ಅದರ ಬಲ. ಈ ಅನ್ವಯಕ್ಕೆ ಎಂಟು ಶತಮಾನಗಳು ಹಿಡಿದುವೆಂಬುದು ಆಶ್ಚರ್ಯಕರ.

ಪೀಠದ ಅಧಿಕಾರವು ಎಲ್ಲಿಯವರೆಗೆ ಎಂಬ ಪ್ರಶ್ನೆಯೂ ಈ ಪೀಠದಿಂದಲೇ ಎದ್ದಿತು. ಸಾಹಿತ್ಯವನ್ನು ಬೋಧಿಸುವವರಿಗೆ ಮುಖ್ಯವಾದುದು ಇದು. 1990ರ ದಶಕದಲ್ಲಿ ಮಾತೆ ಮಹಾದೇವಿಯವರು ಪ್ರಕಟಿಸಿದ ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನವರ ಅಂಕಿತವಾದ ‘ಕೂಡಲಸಂಗಮದೇವ’ ಎಂಬುದರ ಬದಲಾಗಿ ‘ಲಿಂಗದೇವ’ ಎಂದು ಅಚ್ಚಾಯಿತು. ಸ್ಥಾವರದೈವದ ಹೆಸರು ಇಷ್ಟಲಿಂಗೋಪಾಸಕನಿಗೆ ಸಲ್ಲದೆಂಬುದು ಇದರ ಹಿಂದಿನ ವಾದ. ವಿರೋಧವು ತೀವ್ರವಾಗಿ, ರಾಜ್ಯಸರ್ಕಾರವು 1998ರಲ್ಲಿ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸರ್ಕಾರದ ಆಜ್ಞೆಯನ್ನು ಎತ್ತಿಹಿಡಿಯಿತು. ಗ್ರಂಥವನ್ನು ನಿಷೇಧಿಸುವುದು ಯುಕ್ತವೇ ಎಂಬುದು ನ್ಯಾಯಶಾಸ್ತ್ರಜ್ಞರಿಗೆ ಬಿಟ್ಟ ಮಾತು. ಪಾಠಶೋಧನೆಯ ದೃಷ್ಟಿಯಿಂದಲಾದರೋ ಈ ತಿದ್ದುಪಡಿಯನ್ನು ಸಮರ್ಥಿಸಲಾಗದು. ಚೆನ್ನಬಸವಣ್ಣನ ‘ಕೂಡಲಚೆನ್ನಸಂಗಮದೇವ’ ಎಂಬ ಅಂಕಿತವು ಸೋದರಮಾವನ ಅಂಕಿತದ ಮೇಲೆಯೇ ನಿಂತಿದೆ. ನೀಲಾಂಬಿಕೆಯ ‘ಸಂಗಯ್ಯ’ ಎಂಬುದೂ ಅದರ ಪ್ರತಿಧ್ವನಿ. ಮೂಲವನ್ನು ಮಾರ್ಪಡಿಸಿದರೆ ಇವೆರಡೂ ಅನಾಥವಾಗುವುವು.

ಇಷ್ಟೇ ಅಲ್ಲ. ಶಿವಶರಣೆಯರ ಮಟ್ಟಿಗೆ ಅಂಕಿತವೇ ಅವರ ಒಡೆತನದ ಪತ್ರ. ಸೂಳೆ ಸಂಕವ್ವೆಯದೆಂದು ಉಳಿದಿರುವುದು ಒಂದೇ ವಚನ. ಅದನ್ನು ಅವಳದೆಂದು ಗುರುತಿಸಿಕೊಡುವುದು ‘ನಿರ್ಲಜ್ಜೇಶ್ವರ’ ಎಂಬ ಮುದ್ರಿಕೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಗಂಡನಾದ ಮಾರಯ್ಯನ ಹೆಸರಿದೆ, ಮುಕ್ತಾಯಕ್ಕನದರಲ್ಲಿ ಅಣ್ಣನಾದ ಅಜಗಣ್ಣನದು. ಸಿದ್ಧಾಂತಶುದ್ಧಿಗಾಗಿ ಇವನ್ನೆಲ್ಲ ಒಂದೇ ಹೆಸರಿಗೆ ಇಳಿಸಿದರೆ, ಅಳಿಸಿಹೋಗುವವರಲ್ಲಿ ಮೊದಲಿಗರು ಈ ಹೆಂಗಸರೇ. ಅಕ್ಕನ ಹೆಸರಿನ ಪೀಠದಲ್ಲಿ ಕುಳಿತವರು ಅಂಕಿತವನ್ನು ಎಲ್ಲರಿಗಿಂತ ಹೆಚ್ಚಾಗಿ ಕಾಯಬೇಕಾಗಿತ್ತು. ಹಾಗೆಂದು ಈ ಒಂದು ದೋಷವನ್ನು ಹಿಡಿದು ಸ್ತ್ರೀಪೀಠವೇ ತಪ್ಪೆನ್ನುವವರ ಮಾತನ್ನು ಒಪ್ಪಲಾಗದು. ಪಾಠವನ್ನು ತಿದ್ದಿದ ಪುರುಷಸಂಪಾದಕರ ಪಟ್ಟಿ ಚಿಕ್ಕದಲ್ಲ; ಅದರಿಂದ ಪುರುಷರ ಪೀಠಗಳು ಅಸಿಂಧುವಾದುವೆಂದು ಯಾರೂ ವಾದಿಸಿಲ್ಲ.

ಮಾತೆ ಮಹಾದೇವಿಯವರು 2019ರ ಮಾರ್ಚಿ 14ರಂದು ಬೆಂಗಳೂರಿನಲ್ಲಿ ಲಿಂಗೈಕ್ಯರಾದರು. ಕೂಡಲಸಂಗಮದ ಬಸವಧರ್ಮಪೀಠವು ಸ್ತ್ರೀಯರಿಗೆಂದೇ ಮೀಸಲಾದುದಲ್ಲ. ಅದರ ಮೊದಲ ಪೀಠಾಧಿಪತಿಗಳು ಲಿಂಗಾನಂದ ಸ್ವಾಮಿಗಳು, ಎರಡನೆಯವರು ಮಾತೆ ಮಹಾದೇವಿ. ಅವರ ತರುವಾಯ ಆ ಪೀಠಕ್ಕೆ ಬಂದವರು ಮಾತೆ ಗಂಗಾದೇವಿಯವರು. ಪುರುಷನಿಂದ ಸ್ತ್ರೀಗೆ ಸಂದ ಪಟ್ಟವು ಈಗ ಸ್ತ್ರೀಯಿಂದ ಸ್ತ್ರೀಗೆ ಸಂದಿದೆ.