ಟೊಳ್ಳು ಬುಡದ ಗುಂಡು

ನಳಿಗೆಯ ಬಾಯಿಂದ ಒಳಗಿಳಿಯುವಾಗ ಸಡಿಲವಾಗಿರಬೇಕು, ಅದೇ ಬಾಯಿಂದ ಹೊರಗೆ ಹಾರುವಾಗ ಬಿಗಿಯಾಗಿರಬೇಕು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಯುರೋಪಿನ ಕೋವಿ ಕಸುಬಿನವರ ತಲೆ ತಿಂದ ಒಗಟು ಇದು. ಬಿಡಿಸಿದವರು ಹಲವರು, ದೊಡ್ಡ ಹಣ ಸಿಕ್ಕಿದ್ದು ಒಬ್ಬನಿಗೆ. ಕೊನೆಗೆ ಉತ್ತರ ಅಡಗಿದ್ದುದು ಕೋವಿಯಲ್ಲಲ್ಲ, ಗುಂಡು ಎರಕ ಹೊಯ್ಯುವ ಅಚ್ಚಿನಲ್ಲಿ.

ಬ್ರಿಟಿಷ್ ಸಿಪಾಯಿಯ ಹೆಗಲ ಮೇಲಿದ್ದ ‘ಬ್ರೌನ್ ಬೆಸ್’ ಮಸ್ಕೆಟ್ಟಿನ ನಳಿಗೆ ಸುಮಾರು 0.75 ಇಂಚು ಅಗಲ. ಅದಕ್ಕೆ ಹಾಕುತ್ತಿದ್ದ ಸೀಸದ ಗುಂಡು ಸುಮಾರು 0.69 ಇಂಚು. ಇಷ್ಟು ಸಂದು ಬಿಟ್ಟದ್ದು ಬೇಕೆಂದೇ. ಕರಿಮದ್ದು ಸುಟ್ಟ ಮೇಲೆ ನಳಿಗೆಯ ಗೋಡೆಗೆ ಮಸಿ ಹತ್ತಿ ದಾರಿ ಕಿರಿದಾಗುತ್ತಾ ಹೋಗುತ್ತದೆ. ಸಂದು ಇಲ್ಲದಿದ್ದರೆ ನಾಲ್ಕಾರು ಸುತ್ತಿನಲ್ಲೇ ಗುಂಡು ಅರ್ಧದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಡಿಲ ಗುಂಡು ಬೇಗ ಇಳಿಯುತ್ತಿತ್ತು ನಿಜ. ಹೊರಗೆ ಬರುವಾಗ ಮಾತ್ರ ಗೋಡೆಯಿಂದ ಗೋಡೆಗೆ ಬಡಿದುಕೊಂಡು, ಕೊನೆಗೆ ಯಾವ ಗೋಡೆಗೆ ಬಡಿದಿತ್ತೋ ಅದರ ಎದುರು ದಿಕ್ಕಿಗೆ ವಾಲಿ ಹಾರುತ್ತಿತ್ತು. ನೂರು ಗಜದಾಚೆ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದೆಂದರೆ ಅದೃಷ್ಟದ ಮಾತು.

ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಗೀರು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತಾ ನೇರ ಹೋಗುತ್ತದೆಂಬುದು ಬೇಟೆಗಾರರಿಗೆ ಮೊದಲೇ ಗೊತ್ತಿತ್ತು. ಅದೇ ರೈಫಲ್. ಆದರೆ ಗೀರು ಗುಂಡನ್ನು ಹಿಡಿದು ತಿರುಗಿಸಬೇಕಾದರೆ ಗುಂಡು ಗೀರಿಗೆ ಕಚ್ಚಿಕೊಳ್ಳಬೇಕು. ಕಚ್ಚಿಕೊಳ್ಳುವ ಗುಂಡನ್ನು ಬಾಯಿಂದ ತಳದವರೆಗೆ ತುರುಕಬೇಕು. ಬ್ರಿಟಿಷ್ ಸೇನೆ 1800ರಲ್ಲಿ ಬೇಕರ್ ರೈಫಲ್ ತಂದಾಗ ಗುಂಡನ್ನು ಬಾಯೊಳಗೆ ಬಡಿದು ಕೂರಿಸಲು ಮೊದಮೊದಲು ಮರದ ಸಣ್ಣ ಕೊಡತಿಯನ್ನೂ ಜೊತೆಗೆ ಕೊಟ್ಟಿತ್ತು! ರೈಫಲಿನವನು ಒಮ್ಮೆ ತುಂಬುವುದರೊಳಗೆ ಮಸ್ಕೆಟ್ಟಿನವನು ಎರಡು ಮೂರು ಸಲ ಹೊಡೆದು ಮುಗಿಸುತ್ತಿದ್ದ. ಹಾಗಾಗಿ ರೈಫಲ್ ಕೆಲವೇ ಆಯ್ದ ತುಕಡಿಗಳ ಆಯುಧವಾಗಿ ಉಳಿಯಿತು.

ಉತ್ತರದ ಮೊದಲ ಎಳೆ ಹೊರಟದ್ದು ನಮ್ಮ ಕಡೆಯಿಂದ ಎಂದು ಕೋವಿಯ ಇತಿಹಾಸ ಬರೆದವರು ಹೇಳುತ್ತಾರೆ. ಬ್ರಿಟಿಷ್ ಸೇನೆಯ 34ನೇ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ನಾರ್ಟನ್ ದಕ್ಷಿಣ ಭಾರತದಲ್ಲಿದ್ದಾಗ ಇಲ್ಲಿಯವರು ಊದುಗೊಳವೆಯಿಂದ ಬಾಣ ಹಾರಿಸುವುದನ್ನು ಗಮನಿಸಿದನಂತೆ. ಬಾಣದ ಬುಡಕ್ಕೆ ತಾವರೆಯ ಮೆತ್ತನೆ ದಿಂಡು. ಊದಿದಾಗ ಅದು ಉಬ್ಬಿ ಕೊಳವೆಯ ಗೋಡೆಗೆ ಒತ್ತಿಕೊಳ್ಳುತ್ತದೆ, ಗಾಳಿ ಪಕ್ಕದಿಂದ ಸೋರುವುದಿಲ್ಲ. ಮಲೆನಾಡಿನಲ್ಲಿ ಬಿದಿರಿನ ಪೆಟ್ಲಿನಲ್ಲಿ ಕಾಯಿ ಹೊಡೆದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯಿ ಕೊಳವೆಗೆ ಬಿಗಿಯಾಗಿ ಕೂತರೇನೇ ‘ಟಪ್’, ಇಲ್ಲವಾದರೆ ಬರೀ ‘ಪುಸ್’. ನಾರ್ಟನ್ 1823ರ ಹೊತ್ತಿಗೆ ಮೂತಿ ಚೂಪಾಗಿರುವ, ಬುಡ ಟೊಳ್ಳಾಗಿರುವ ಉದ್ದನೆಯ ಗುಂಡು ಮಾಡಿದ. ಮದ್ದಿನ ಅನಿಲ ಟೊಳ್ಳಿಗೆ ನುಗ್ಗಿ ಬುಡದ ಅಂಚನ್ನು ಹಿಗ್ಗಿಸಿ ಗೀರಿಗೆ ಒತ್ತುತ್ತದೆಂಬುದು ಅವನ ಲೆಕ್ಕ. ಸೇನೆಗೆ ಉಂಡೆ ಗುಂಡಿನ ಹೊರತು ಬೇರೆ ಆಕಾರ ಸಲ್ಲದೆಂದು ಮೇಲಿನವರು ಅದನ್ನು ಬದಿಗಿಟ್ಟರು.

ಆಮೇಲೆ ಬಂದವನು ಇಂಗ್ಲೆಂಡಿನ ಕೋವಿ ತಯಾರಕ ವಿಲಿಯಂ ಗ್ರೀನರ್. ಮೊಟ್ಟೆಯಾಕಾರದ ಗುಂಡು, ಅದರ ಒಂದು ತುದಿಯಲ್ಲಿ ಆಳವಾದ ತೂತು, ತೂತಿನ ಬಾಯಿಗೆ ಬೇರೆ ಲೋಹದ ಬೆಣೆ. ಮದ್ದು ಸಿಡಿದಾಗ ಬೆಣೆ ಒಳಗೆ ನುಗ್ಗಿ ಸೀಸವನ್ನು ಹಿಗ್ಗಿಸುತ್ತದೆ. 1835ರಲ್ಲಿ ಟೈನ್‌ಮತ್‌ನಲ್ಲಿ ಸೈನಿಕರು ಹೊಡೆದು ನೋಡಿದರು. ಮಸ್ಕೆಟ್ಟಿನಷ್ಟೇ ಸಲೀಸಾಗಿ ಇಳಿದ ಗುಂಡು ಗುರಿಗೂ ಚೆನ್ನಾಗಿ ಬಿತ್ತು. ಆದರೂ ಬೇಡವೆಂದರು. ಕಾರಣ: ಅದು ಎರಡು ತುಂಡಿನ ಗುಂಡು. ಸರಕಾರಿ ಕಡತ ಬರೆಯುವವರ ಬಗ್ಗೆ ನನಗೆ ವಿಶೇಷ ಪ್ರೀತಿಯಿಲ್ಲ, ಆದರೆ ಈ ಆಕ್ಷೇಪಣೆಯಲ್ಲಿ ಹುರುಳಿತ್ತು. ಲಕ್ಷಗಟ್ಟಲೆ ಬೇಕಾಗುವ ವಸ್ತುವಿನಲ್ಲಿ ಒಂದು ತುಂಡು ಹೆಚ್ಚಾದರೆ ಅಚ್ಚು ಎರಡು, ಕೆಲಸ ಎರಡು, ತಪ್ಪಾಗುವ ಜಾಗವೂ ಎರಡು.

ಫ್ರೆಂಚರು ಬೇರೆ ದಾರಿ ಹಿಡಿದಿದ್ದರು, ತೋಳಿನ ಬಲದ ದಾರಿ. 1826ರಲ್ಲಿ ಆನ್ರಿ ಗುಸ್ತಾವ್ ಡೆಲ್ವಿನ್ ಎಂಬ ಅಧಿಕಾರಿ ನಳಿಗೆಯ ತಳದಲ್ಲಿ ಮದ್ದಿಗೆಂದು ಕಿರಿದಾದ ಗೂಡು ಮಾಡಿದ. ಸಡಿಲ ಗುಂಡು ಬಂದು ಗೂಡಿನ ಅಂಚಿನ ಮೇಲೆ ಕೂರುತ್ತದೆ, ಸಲಾಕೆಯಿಂದ ನಾಲ್ಕು ಬಾರಿ ಜಜ್ಜಿದರೆ ಅಗಲವಾಗಿ ಗೀರು ತುಂಬುತ್ತದೆ. ತುಂಬುತ್ತಿತ್ತು, ಆದರೆ ಜಜ್ಜಿದ ಉಂಡೆ ಉಂಡೆಯಾಗಿ ಉಳಿಯುತ್ತಿರಲಿಲ್ಲ. ಕರ್ನಲ್ ತೂವನಿನ್ ತಳದಲ್ಲಿ ಉಕ್ಕಿನ ಕಂಬವೊಂದನ್ನು ನೆಟ್ಟು, ಮದ್ದು ಕಂಬದ ಸುತ್ತ ಇರಲಿ, ಗುಂಡನ್ನು ಕಂಬದ ತಲೆಗೆ ಜಜ್ಜಿ ಎಂದ. ಕಂಬ ಬಾಗುತ್ತಿತ್ತು, ಅದರ ಸುತ್ತ ಹೆಪ್ಪುಗಟ್ಟಿದ ಮಸಿ ತೆಗೆಯುವುದು ಸಿಪಾಯಿಗೆ ಶಿಕ್ಷೆಯಾಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರೆ. ಗುಂಡು ಎಷ್ಟು ಹಿಗ್ಗಬೇಕೆಂಬುದು ಹೊಡೆಯುವವನ ರಟ್ಟೆಯ ಮೇಲೆ ನಿಂತಿತ್ತು. ಯುದ್ಧದ ನಡುವೆ ಹೆದರಿದ ಕೈ ಒಂದೇ ಸಮನೆ ಜಜ್ಜುವುದುಂಟೇ?

1849ರಲ್ಲಿ ಕ್ಯಾಪ್ಟನ್ ಕ್ಲೋದ್ ಎಟಿಯೆನ್ ಮಿನಿಯೆ ಕಂಬವನ್ನು ಬಿಟ್ಟು, ಆ ಕೆಲಸವನ್ನು ಮದ್ದಿಗೇ ಒಪ್ಪಿಸಿದ. ಗುಂಡಿನ ಟೊಳ್ಳು ಬುಡದಲ್ಲಿ ಕಬ್ಬಿಣದ ಪುಟ್ಟ ಬಟ್ಟಲು. ಅನಿಲ ಬಟ್ಟಲನ್ನು ಮುಂದೆ ತಳ್ಳುತ್ತದೆ, ಬಟ್ಟಲು ಸೀಸವನ್ನು ಹಿಗ್ಗಿಸುತ್ತದೆ. ಗ್ರೀನರನ ಬೆಣೆಯೇ ಇನ್ನೊಂದು ವೇಷದಲ್ಲಿ. ಬ್ರಿಟಿಷರು ಈ ಸಲ ಬೇಡವೆನ್ನಲಿಲ್ಲ. 1851ರಲ್ಲಿ ಮಿನಿಯೆ ರೈಫಲನ್ನು ಸ್ವೀಕರಿಸಿ ಅವನಿಗೆ 20,000 ಪೌಂಡ್ ಕೊಟ್ಟರು. ಗ್ರೀನರ್ ಸುಮ್ಮನಿರಲಿಲ್ಲ. ಹಿಗ್ಗುವ ಗುಂಡಿನ ಉಪಾಯ ಮೊದಲು ಸೂಚಿಸಿದ್ದಕ್ಕಾಗಿ 1857ರಲ್ಲಿ ಅವನಿಗೂ 1,000 ಪೌಂಡ್ ಬಂತು. ಇಪ್ಪತ್ತರಲ್ಲಿ ಒಂದು ಪಾಲು.

ಕಬ್ಬಿಣದ ಬಟ್ಟಲು ಕೂಡ ಕೈಕೊಡುತ್ತಿತ್ತು. ಕೆಲವೊಮ್ಮೆ ಅದು ಸೀಸವನ್ನು ಹಿಗ್ಗಿಸುವ ಬದಲು ಸೀಳಿಕೊಂಡು ತಾನೊಂದೇ ಹಾರಿ, ಸೀಸದ ಬಳೆಯೊಂದನ್ನು ನಳಿಗೆಯಲ್ಲೇ ಬಿಟ್ಟುಹೋಗುತ್ತಿತ್ತು. ಮುಂದಿನ ಗುಂಡು ಆ ಬಳೆಯ ಮೇಲೆ ಬಂದು ಕೂತರೆ ಹೊಡೆಯುವವನ ಗತಿ ಹೇಳಬೇಕಾಗಿಲ್ಲ.

ಬಟ್ಟಲನ್ನು ತೆಗೆದುಹಾಕಿದವನು ಅಮೆರಿಕದ ಹಾರ್ಪರ್ಸ್ ಫೆರಿಯ ಸರಕಾರಿ ಕೋವಿ ಕಾರ್ಖಾನೆಯ ಜೇಮ್ಸ್ ಬರ್ಟನ್. ಅವನು ಸೇನಾಧಿಕಾರಿಯಲ್ಲ, ಯಂತ್ರಗಳ ನಡುವೆ ಬೆಳೆದ ಕಸುಬುದಾರ. ಅದಕ್ಕೇ ಇರಬೇಕು, ಅವನ ಉತ್ತರದಲ್ಲಿ ಕಾರ್ಖಾನೆಯ ಬುದ್ಧಿ ಕಾಣುತ್ತದೆ. ಬುಡದ ಗೋಡೆಯನ್ನು ಸಾಕಷ್ಟು ತೆಳುವಾಗಿ, ಟೊಳ್ಳನ್ನು ಸಾಕಷ್ಟು ಆಳವಾಗಿ ಮಾಡಿದರೆ ಬಟ್ಟಲೂ ಬೇಡ, ಬೆಣೆಯೂ ಬೇಡ, ಅನಿಲವೊಂದೇ ಸಾಕು. ಗುಂಡು ಮತ್ತೆ ಒಂದೇ ತುಂಡಾಯಿತು. 0.58 ಇಂಚಿನ ನಳಿಗೆಗೆ ಅದಕ್ಕಿಂತ ಕೂದಲೆಳೆಯಷ್ಟು ಸಣ್ಣದಾದ, ಸುಮಾರು 32 ಗ್ರಾಂ ತೂಕದ ಗುಂಡು 1855ರಲ್ಲಿ ಅಮೆರಿಕದ ಸೇನೆಗೆ ಬಂತು. ಹೆಸರು ಮಾತ್ರ ಮಿನಿಯೆಯದೇ ಉಳಿಯಿತು. ಅಮೆರಿಕನ್ ಸಿಪಾಯಿಗಳ ಬಾಯಲ್ಲಿ ಅದು ‘ಮಿನಿ ಬಾಲ್’ ಆಯಿತು. ಅದು ಉಂಡೆಯೂ ಅಲ್ಲ, ಮಿನಿಯೆಯ ರೂಪವೂ ಅಲ್ಲ.

‘ಸಾಕಷ್ಟು ತೆಳು, ಸಾಕಷ್ಟು ಆಳ’ ಎಂದು ಬರೆಯುವುದು ಸುಲಭ. ಎಷ್ಟೆಂಬುದು ತಿಳಿಯುವುದು ಅಚ್ಚು ಮಾಡಿ ಎರಕ ಹೊಯ್ದು ಹೊಡೆದಾಗಲೇ. ಗೋಡೆ ದಪ್ಪವಾದರೆ ಹಿಗ್ಗುವುದಿಲ್ಲ, ಗುಂಡು ಗೀರನ್ನು ಹಿಡಿಯದೆ ಜಾರಿಹೋಗುತ್ತದೆ. ತೀರ ತೆಳುವಾದರೆ ಬಾಯಿ ದಾಟಿದ ಕೂಡಲೇ ಅಂಚು ಲಂಗದಂತೆ ಅರಳಿ ಹರಿಯುತ್ತದೆ, ಗುಂಡು ಅಡ್ಡಾದಿಡ್ಡಿ ತಿರುಗುತ್ತದೆ. ಮದ್ದು ಹೆಚ್ಚಿಸಿದರೆ ಗೋಡೆಯ ಲೆಕ್ಕವೂ ಬದಲಾಗಬೇಕು.

ಉಂಡೆ ಗುಂಡಿನ ಅಚ್ಚು ಇಕ್ಕುಳದಂಥ ಸರಳ ಸಾಧನ. ಎರಡು ಹೋಳು, ಪ್ರತಿ ಹೋಳಿನಲ್ಲಿ ಅರ್ಧ ಕುಳಿ, ಮೇಲೆ ಸೀಸ ಸುರಿಯುವ ತೂತು. ಟೊಳ್ಳು ಗುಂಡಿಗೆ ಮೂರನೆಯ ಭಾಗ ಬೇಕು: ಬುಡದಿಂದ ಒಳಕ್ಕೆ ಚಾಚಿ, ಸೀಸ ತುಂಬಬಾರದ ಜಾಗವನ್ನು ಕಾಯ್ದುಕೊಳ್ಳುವ ಗೂಟ. ಹೋಳುಗಳ ಕುಳಿ ಕೊರೆಯಲು ಗುಂಡಿನದೇ ಆಕಾರದ, ಮೈತುಂಬ ಹಲ್ಲುಗಳಿರುವ ಉಕ್ಕಿನ ಉಳಿಯನ್ನು ಎರಡು ಹೋಳುಗಳ ನಡುವೆ ತಿರುಗಿಸುತ್ತಾ ನಿಧಾನವಾಗಿ ಅವನ್ನು ಮುಚ್ಚುತ್ತಾ ಬರುತ್ತಾರೆ. ಸೀಸ ಆರುವಾಗ ಕುಗ್ಗುವುದರಿಂದ ಕುಳಿಯನ್ನು ಬೇಕಾದ ಅಳತೆಗಿಂತ ತುಸು ದೊಡ್ಡದಾಗಿಯೇ ಕೊರೆಯಬೇಕು. ಗೂಟ ಒಂದು ಕೂದಲೆಳೆ ವಾಲಿದರೂ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅಂಥ ಗುಂಡು ಕಣ್ಣಿಗೆ ಚೆನ್ನಾಗಿರುತ್ತದೆ, ಗುರಿಗೆ ಹೋಗುವುದಿಲ್ಲ.

ಹೊಸ ಅಚ್ಚನ್ನು ಪರೀಕ್ಷಿಸುವ ಕ್ರಮ ಅಂದಿಗೂ ಇಂದಿಗೂ ಹೆಚ್ಚು ಬದಲಾಗಿಲ್ಲ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಎರಕಕ್ಕೆ ಅದಕ್ಕಿಂತ ಸಾಕಷ್ಟು ಹೆಚ್ಚೇ ಕಾಯಿಸಬೇಕು. ಕರಗಿದ ಸೀಸಕ್ಕೆ ಚೂರು ಮೇಣವನ್ನೋ ಕೊಬ್ಬನ್ನೋ ಹಾಕಿ ಕಲಕಿದರೆ ಕಲ್ಮಷ ಮೇಲೆ ತೇಲುತ್ತದೆ, ಅದನ್ನು ಕೆನೆ ತೆಗೆಯುವಂತೆ ತೆಗೆಯಬೇಕು. ಅಚ್ಚಿನಲ್ಲಿ ಎಣ್ಣೆಯ ಪಸೆ ಉಳಿದಿರಬಾರದು. ತಣ್ಣನೆಯ ಅಚ್ಚಿಗೆ ಸುರಿದರೆ ಸೀಸ ಕುಳಿಯ ಮೂಲೆ ತುಂಬುವ ಮೊದಲೇ ಗಟ್ಟಿಯಾಗಿ ಗುಂಡಿನ ಮೈ ಸುಕ್ಕುಸುಕ್ಕಾಗುತ್ತದೆ. ಮೊದಲ ಹಲವಾರು ಗುಂಡುಗಳು ಹೀಗೇ ಹುಟ್ಟುತ್ತವೆ, ಅವನ್ನು ಮತ್ತೆ ಮೂಸೆಗೇ ಹಾಕುವುದು ರೂಢಿ. ಹೋಳುಗಳಿಗಿಂತ ಗೂಟ ತಡವಾಗಿ ಕಾಯುತ್ತದೆ. ಆದ್ದರಿಂದ ಹೊರಮೈ ನುಣುಪಾಗಿ ಬಂದ ಮೇಲೂ ಒಳಗೋಡೆಯಲ್ಲಿ ಸುಕ್ಕು ಉಳಿದಿರುತ್ತದೆ. ಅಚ್ಚು ಅತಿಯಾಗಿ ಕಾದರೆ ಗುಂಡು ಬೂದಿ ಬಳಿದಂತೆ ಮಂಕಾಗಿ ಹೊರಬೀಳುತ್ತದೆ.

ಸೀಸವೂ ಅಪ್ಪಟವಾಗಿರಬೇಕು. ತವರವೋ ಆಂಟಿಮನಿಯೋ ಬೆರೆತರೆ ಲೋಹ ಗಟ್ಟಿಯಾಗುತ್ತದೆ. ಬೇರೆ ಗುಂಡುಗಳಿಗೆ ಅದು ಒಳ್ಳೆಯದೇ. ಆದರೆ ಹಿಗ್ಗಲೆಂದೇ ಹುಟ್ಟಿದ ಗುಂಡು ಗಟ್ಟಿಯಾದರೆ ಇಷ್ಟು ಕಷ್ಟಪಟ್ಟು ಟೊಳ್ಳು ಮಾಡಿದ್ದೇ ದಂಡ. ಕೊನೆಗೆ ತಕ್ಕಡಿ. ಒಳಗೆ ಗಾಳಿಗುಳ್ಳೆ ಅಡಗಿದ್ದರೆ ಕಣ್ಣಿಗೆ ಕಾಣದು, ತೂಕದಲ್ಲಿ ಸಿಕ್ಕಿಬೀಳುತ್ತದೆ.

ಇಂಗ್ಲೆಂಡಿನಲ್ಲೂ ಅದೇ ಹೊತ್ತಿಗೆ ರಾಬರ್ಟ್ ಟೇಲರ್ ಪ್ರಿಚೆಟ್ ಎಂಬ ಕೋವಿ ತಯಾರಕ 1853ರ ಎನ್‌ಫೀಲ್ಡ್ ರೈಫಲಿಗೆ ಬಟ್ಟಲಿಲ್ಲದ ಗುಂಡು ಮಾಡಿದ. (ಈತ ಮುಂದೆ ಕೋವಿ ಬಿಟ್ಟು ಕುಂಚ ಹಿಡಿದ. ಡಾರ್ವಿನ್ನನ ಬೀಗಲ್ ಪ್ರವಾಸಕಥನದ 1890ರ ಆವೃತ್ತಿಯ ಚಿತ್ರಗಳು ಇವನವೇ.) ಬರ್ಟನ್ನನ ಗುಂಡಿನ ಸೊಂಟದ ಸುತ್ತ ಜಿಡ್ಡು ತುಂಬುವ ತೋಡುಗಳಿದ್ದವು, ಗುಂಡನ್ನೂ ಮದ್ದನ್ನೂ ಒಟ್ಟಿಗೆ ಸುತ್ತಿದ ತೋಟಾದ ಕಾಗದವನ್ನು ಹರಿದು ಎಸೆದು ಬರೀ ಗುಂಡನ್ನು ನಳಿಗೆಗೆ ಬಿಡುತ್ತಿದ್ದರು. ಪ್ರಿಚೆಟ್ಟನ ಗುಂಡು ನುಣುಪು, ತೋಡಿಲ್ಲ. ಹಾಗಾಗಿ ಜಿಡ್ಡು ಹೊರಗಿನ ಕಾಗದಕ್ಕೇ ಬಂತು, ಗುಂಡು ಕಾಗದದ ಸಮೇತ ಒಳಗಿಳಿಯಿತು. ಕಾಗದದ ಇನ್ನೊಂದು ತುದಿಯನ್ನು ಸಿಪಾಯಿ ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿಯಬೇಕಿತ್ತು. ಆ ಜಿಡ್ಡಿನಲ್ಲಿ ಪ್ರಾಣಿಯ ಕೊಬ್ಬಿತ್ತು. 1857ರ ಜನವರಿಯಲ್ಲಿ ಕಲ್ಕತ್ತದ ಹತ್ತಿರದ ಡಂಡಂನಲ್ಲಿ, ಆಮೇಲೆ ಬ್ಯಾರಕ್‌ಪುರದಲ್ಲಿ, ಮೀರತ್‌ನಲ್ಲಿ ಏನಾಯಿತು, ಅದು ಸಿಪಾಯಿ ದಂಗೆಯಾಗಿ ಹೇಗೆ ಬೆಳೆಯಿತು ಎಂಬುದನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ದಂಗೆಗೆ ತೋಟಾ ಒಂದೇ ಕಾರಣವೆನ್ನುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. ನೆಲ, ಸಂಬಳ, ಕಸಿದುಕೊಂಡ ಸಂಸ್ಥಾನಗಳು, ಅವಮಾನಗಳು ಎಷ್ಟೋ ವರ್ಷದಿಂದ ಕೂಡಿಬಿದ್ದಿದ್ದವು. ಆದರೂ ಜಿಡ್ಡು ಕಾಗದದ ಮೇಲೇಕೆ ಬಂತೆಂದು ಕೇಳುತ್ತಾ ಹೋದರೆ ದಾರಿ ತೋಡಿಲ್ಲದ ಒಂದು ಗುಂಡಿಗೆ ಮುಟ್ಟುತ್ತದೆ. ಅದೇ ವರ್ಷ ಕಂಪನಿ ಸರಕಾರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯಿದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲವೆಂದು ಎದ್ದದ್ದು ಆ ನವೆಂಬರಿನಲ್ಲಿ. ಲಾವಣಿ ಹಾಡುವವರು ಅದನ್ನು ಮರೆತಿಲ್ಲ.

ಟೊಳ್ಳು ಬುಡದ ಗುಂಡಿನ ಪೂರ್ತಿ ಲೆಕ್ಕ ಸಿಕ್ಕಿದ್ದು 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ. ಎರಡೂ ಕಡೆಯವರು ಹೊಡೆದದ್ದು ಅದನ್ನೇ. ಬರ್ಟನ್ ಕೂಡ ದಕ್ಷಿಣದವರ ಪಕ್ಷ ಸೇರಿ ಅವರ ಕೋವಿ ಕಾರ್ಖಾನೆಗಳನ್ನು ನೋಡಿಕೊಂಡ. ಹಿಗ್ಗಲೆಂದು ಮೆತ್ತಗಿಟ್ಟ ಸೀಸ ಮೂಳೆಗೆ ತಾಗಿದಾಗಲೂ ಚಪ್ಪಟೆಯಾಗಿ ಹರಡುತ್ತಿತ್ತು. ತೊಡೆಯ ಎಲುಬಿಗೆ ಬಿದ್ದರೆ ಅದು ಮುರಿಯುವುದಲ್ಲ, ನುಚ್ಚಾಗುವುದು. ಶಸ್ತ್ರವೈದ್ಯರಿಗೆ ಕೈಕಾಲು ಕತ್ತರಿಸುವುದರ ಹೊರತು ಬೇರೆ ದಾರಿ ಬಹಳಷ್ಟು ಸಲ ಇರಲಿಲ್ಲ. ಎರಕದ ಮನೆಯಲ್ಲಿ ಗುಣವೆನಿಸಿದ ಮೆದುತನ ಆಸ್ಪತ್ರೆಯ ಡೇರೆಯಲ್ಲಿ ಹೀಗೆ ಕಂಡಿತು.

1860ರ ದಶಕ ಮುಗಿಯುವುದರೊಳಗೆ ಹಿಂದಿನಿಂದ ತುಂಬುವ ಕೋವಿಗಳು ಬಂದವು, ಸೇನೆಗಳಿಗೆ ಈ ಉಪಾಯ ಬೇಡವಾಗುತ್ತಾ ಹೋಯಿತು. ಉಳಿದಿರುವುದು ಹಳೆಯ ಕೋವಿಗಳಲ್ಲಿ ಪಂದ್ಯ ಹೊಡೆಯುವ ಅಮೆರಿಕ, ಯುರೋಪಿನ ಹವ್ಯಾಸಿಗಳ ನಡುವೆ. ನೂರೈವತ್ತು ವರ್ಷ ಸವೆದ ಎರಡು ನಳಿಗೆಗಳ ಅಳತೆ ಒಂದೇ ಇರುವುದಿಲ್ಲ. ಅಂಗಡಿಯ ಅಚ್ಚು ಹೊಂದದಿದ್ದರೆ ಮೆತ್ತನೆಯ ಸೀಸದ ತುಂಡೊಂದನ್ನು ತಮ್ಮ ನಳಿಗೆಯೊಳಗೆ ಬಾಯಿಂದ ತಳದವರೆಗೆ ತಳ್ಳಿ, ಹೊರತೆಗೆದು, ಅದರ ಮೇಲೆ ಮೂಡಿದ ಗುರುತನ್ನು ಮೈಕ್ರೋಮೀಟರಿನಿಂದ ಅಳೆದು, ಆ ಅಂಕಿಯನ್ನು ಅಚ್ಚು ಕೊರೆಯುವವನಿಗೆ ಕಳಿಸುತ್ತಾರೆ. ಅವನು ಕುಳಿ ಒಂದೇ ಇಟ್ಟು, ಆಳ ಬೇರೆ ಬೇರೆ ಇರುವ ಎರಡು ಮೂರು ಗೂಟಗಳನ್ನು ಮಾಡಿಕೊಡುವುದುಂಟು. ಒಂದೊಂದು ಗೂಟದಲ್ಲಿ ಒಂದೊಂದು ರಾಶಿ ಗುಂಡು ಎರೆದು, ತೂಗಿ, ಸುಕ್ಕಾದವನ್ನು ಮೂಸೆಗೆ ಮರಳಿಸಿ, ಉಳಿದವನ್ನು ಐವತ್ತು ಗಜದ ಕಾಗದಕ್ಕೆ ಹೊಡೆದು ತೂತುಗಳು ಎಲ್ಲಿ ಗುಂಪಾಗಿವೆ ನೋಡುತ್ತಾರೆ. ಗುಂಪು ಚದುರಿದ್ದರೆ ಮೊದಲು ಅನುಮಾನಿಸುವುದು ಗೂಟವನ್ನು, ಆಮೇಲೆ ಸೀಸವನ್ನು, ಕೊನೆಗೆ ತಮ್ಮ ಕೈಯನ್ನು.